ಉತ್ತರದಲ್ಲಿ ಅಂಕಿ ಬರುವಂತೆ ಪ್ರಶ್ನೆ ಬರೆಯುವುದು

ಕೊಡಗಿನ ಒಬ್ಬ ಶಾಸಕರ ಕಚೇರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅಧಿವೇಶನ ಹತ್ತಿರ ಬಂದರೆ ಸದನದಲ್ಲಿ ಮಂತ್ರಿಗಳಿಗೆ ಕೇಳುವ ಪ್ರಶ್ನೆಗಳ ಕರಡು ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ, ನಮಗೆ 24 ಸದಸ್ಯರ ಸ್ವಂತ ವಿಧಾನಸಭೆಯೇ ಇತ್ತು. ಈಗ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ನಮ್ಮವು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. ತಲೆ ಎಣಿಸುವ ಕಡೆ ನಮ್ಮ ಮಾತು ನಡೆಯುವುದು ಕಷ್ಟ. ಆದರೆ ಒಪ್ಪಿಗೆಯಾದ ಪ್ರಶ್ನೆಗೆ ಮಂತ್ರಿಗಳು ಉತ್ತರ ಕೊಡಬೇಕು, ಕೇಳಿದವರು ಎಷ್ಟು ಸಣ್ಣ ಜಿಲ್ಲೆಯವರೇ ಆಗಿರಲಿ.

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಉತ್ತರ, ಮೇಲೆ ಉಪಪ್ರಶ್ನೆಗೂ ಅವಕಾಶ. ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಎಲ್ಲರೂ ಮೊದಲನೆಯದನ್ನೇ ಬಯಸುತ್ತಾರೆ. ಊರಿನ ಕೆಲಸಕ್ಕೆ ಲಿಖಿತ ಉತ್ತರವೇ ಜಾಸ್ತಿ ಉಪಯೋಗ ಅನ್ನುವುದು ನನ್ನ ಅನುಭವ. ಅದು ಸರ್ಕಾರವೇ ಸದನದ ಮುಂದಿಟ್ಟ ಲೆಕ್ಕ, ಕೈಯಲ್ಲಿ ಹಿಡಿದು ಯಾವ ಕಚೇರಿಗೂ ಹೋಗಬಹುದು.

ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಿಗೆ ಆನೆ ನುಗ್ಗುವ ವಿಷಯವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬರೆಯುವುದು ಹೀಗೆ: 'ಕಾಡಾನೆ ಹಾವಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಕೈಗೊಂಡ ಕ್ರಮಗಳೇನು?' ಉತ್ತರದ ಕಾಲಂನಲ್ಲಿ 'ಬಂದಿದೆ' ಅಂತ ಇರುತ್ತದೆ. ಕೆಳಗೆ ಸೋಲಾರ್ ಬೇಲಿ, ಕಂದಕ, ರೈಲ್ವೆ ಕಂಬಿ ತಡೆಗೋಡೆ ಅಂತ ಪಟ್ಟಿ. ಬೆಳೆ ಕಳೆದುಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ.

ನಾನು (ಅ), (ಆ), (ಇ) ಅಂತ ಒಡೆದು ಬರೆಯುತ್ತಿದ್ದೆ. ಮೂರು ವರ್ಷಗಳಲ್ಲಿ ಬೆಳೆ ಪರಿಹಾರಕ್ಕೆ ಅರಣ್ಯ ವಲಯವಾರು ಬಂದ ಅರ್ಜಿಗಳೆಷ್ಟು? ಹಣ ಪಾವತಿಯಾದದ್ದು ಎಷ್ಟಕ್ಕೆ? ಬಾಕಿ ಇರುವುದರಲ್ಲಿ ಎಲ್ಲಕ್ಕಿಂತ ಹಳೆಯ ಅರ್ಜಿಯ ದಿನಾಂಕ ಯಾವುದು? ಈ ಕೊನೆಯದು ಬಹಳ ಮುಖ್ಯ. ಒಟ್ಟು ಸಂಖ್ಯೆಯ ಹಿಂದೆ ವರ್ಷಗಟ್ಟಲೆ ಕಾದ ರೈತ ಮರೆಯಾಗಿಬಿಡುತ್ತಾನೆ, ದಿನಾಂಕ ಕೇಳಿದರೆ ಅವನು ಕಾಣುತ್ತಾನೆ. ಬೇಲಿ ಬಗ್ಗೆಯೂ ಹಾಗೆ. ಮಂಜೂರಾದ ಉದ್ದ, ಮುಗಿದ ಉದ್ದ, ಇವತ್ತು ಕರೆಂಟ್ ಹರಿಯುತ್ತಿರುವ ಉದ್ದ, ಮೂರನ್ನೂ ಬೇರೆ ಬೇರೆ ಕೇಳಬೇಕು. ಪ್ರಶ್ನೆಯೊಳಗೆ ವಾದ, ಆರೋಪ ಸೇರಿಸಬಾರದು. ಸೇರಿಸಿದರೆ ವಿಧಾನಸಭೆಯ ಸಚಿವಾಲಯದಲ್ಲೇ ತಿರಸ್ಕಾರವಾಗಬಹುದು.

'ಪರಿಶೀಲನೆಯಲ್ಲಿದೆ', 'ಅನುದಾನದ ಲಭ್ಯತೆ ಆಧರಿಸಿ ಕ್ರಮ ಕೈಗೊಳ್ಳಲಾಗುವುದು' ಎಂಬ ಉತ್ತರಗಳೂ ಬರುತ್ತವೆ. ಬಂತು ಅಂತ ಬಿಡಬಾರದು. ಮುಂದಿನ ಅಧಿವೇಶನದಲ್ಲಿ ಹಳೆಯ ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿ, ಪರಿಶೀಲನೆ ಯಾವ ಹಂತದಲ್ಲಿದೆ ಅಂತ ಮತ್ತೆ ಕೇಳಬೇಕು. ಮಂತ್ರಿಗಳು ಸದನದಲ್ಲಿ 'ಮಾಡಿಕೊಡುತ್ತೇವೆ' ಅಂದರೆ ಆ ಮಾತಿನ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಇದು ನಮ್ಮ ಜನರಿಗೆ ಗೊತ್ತೇ ಇಲ್ಲ, ಅದೇ ನನಗೆ ಬೇಸರ.

ಒಳ್ಳೆಯ ಪ್ರಶ್ನೆಗಳೆಲ್ಲ ಜನ ತಂದ ಕಾಗದದಿಂದಲೇ ಹುಟ್ಟಿದವು. ಸುಮ್ನೆ 'ಪರಿಹಾರ ಬಂದಿಲ್ಲ' ಅಂದರೆ ಸಾಲದು. ಅರ್ಜಿಯ ಪ್ರತಿ, ಸ್ವೀಕೃತಿ, ಸರ್ವೆ ನಂಬರ್ ತನ್ನಿ. ಪ್ರಶ್ನೆಯನ್ನು ಬಹಳ ಮುಂಚೆ ಕೊಡಬೇಕು, ಯಾವ ಇಲಾಖೆ ಯಾವ ದಿನ ಉತ್ತರಿಸಬೇಕು ಅಂತ ದಿನ ಹಂಚಿರುತ್ತಾರೆ. ಹಾಗಾಗಿ ಅಧಿವೇಶನದ ದಿನಾಂಕ ಪೇಪರಲ್ಲಿ ಬಂದ ವಾರವೇ ಶಾಸಕರ ಕಚೇರಿಗೆ ಹೋಗಿ. ಅಲ್ಲಿ ಆಗದಿದ್ದರೆ ವಿಧಾನ ಪರಿಷತ್ ಸದಸ್ಯರನ್ನು ಕಾಣಿ, ಪ್ರಶ್ನೆ ಕೇಳುವ ಹಕ್ಕು ಅವರಿಗೂ ಇದೆ.