ಹೊಳೆ ಬಂದಾಗ ಐಸೋಲೇಷನ್: ಕಾಳಜಿ ಕೇಂದ್ರದಲ್ಲಿ ನಾವು ಮಾಡಿದ್ದು

2021ರ ಜುಲೈ ಕೊನೆಯಲ್ಲಿ ಘಟಪ್ರಭಾ ಉಕ್ಕಿದಾಗ ನಾನು ಮುಧೋಳ ತಾಲ್ಲೂಕಿನ ಒಂದು ಊರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ಉದ್ದ, ಊರವರಿಗೆ ಸುಮ್ನೆ ಸಿಸ್ಟರ್. ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಸೇರಿ ದಂಡೆಯ ಓಣಿಗಳಿಗೆ ನುಗ್ಗಿತು. ಕೊರೊನಾ ಎರಡನೇ ಅಲೆ ಇಳಿಯುತ್ತಿತ್ತು, ಪೂರ್ತಿ ಹೋಗಿರಲಿಲ್ಲ. ಶಾಲೆಗಳು ಇನ್ನೂ ಮುಚ್ಚಿದ್ದವು. ಹಾಗಾಗಿ ಸರ್ಕಾರಿ ಶಾಲೆಯೇ ಕಾಳಜಿ ಕೇಂದ್ರ, ಅಂದರೆ ಮನೆ ಬಿಟ್ಟು ಬಂದವರು ಉಳಿಯುವ ಜಾಗ ಆಯ್ತು.

ಇವರೆಲ್ಲ 2019ರ ಹೊಳೆ ನೋಡಿದ ಜನ. ಆಗ ಸಿಕ್ಕ ಕೋಣೆಯಲ್ಲಿ ಚಾಪೆ ಹಾಸಿ ಒತ್ತೊತ್ತಾಗಿ ಮಲಗಿದ್ದರು. ಈ ಸಲವೂ ಗಂಟುಮೂಟೆ ಹೊತ್ತು ನೇರ ಒಳಗೇ ಬರುತ್ತಿದ್ದರು. ಗೇಟಿನಲ್ಲೇ ಒಂದು ಬೆಂಚು ಹಾಕಿ, ಜ್ವರ ನೋಡಿ, ಕೆಮ್ಮು ನೆಗಡಿ ಕೇಳಿ ಒಳಗೆ ಬಿಟ್ಟೆವು. ಕೇಳಿದರೆ ಯಾರಿಗೂ ಏನೂ ಇಲ್ಲ! ಒಬ್ಬ ಕಾಕಾ ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮುತ್ತಿದ್ದರು. "ಇದು ತಂಬಾಕದ ಕೆಮ್ಮರಿ ಸಿಸ್ಟರ್" ಅಂದರು. ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತ ಮೇಲೆ ನಿಜ ಹೊರಬಂತು. "ನನ್ನ ಬಾಗಲಕೋಟಿಗಿ ಒಯ್ದ್ರ ಎಮ್ಮಿಗಿ ಮೇವ ಯಾರ ಹಾಕ್ತಾರ?"

ಜನ ರೋಗಕ್ಕೆ ಹೆದರಿ ಮುಚ್ಚಿಡುತ್ತಿರಲಿಲ್ಲ. ಮನೆ ನೀರಲ್ಲಿದೆ, ಉಳಿದದ್ದು ದನ ಮತ್ತು ಮಕ್ಕಳು. ಅವರಿಂದಲೂ ದೂರ ಒಯ್ದುಬಿಡ್ತಾರೆ ಅನ್ನೋದು ಭಯ. ಅದಕ್ಕೇ ಮೇಲಿನವರ ಒಪ್ಪಿಗೆ ಪಡೆದು ಗೇಟಿನಲ್ಲೇ ಹೇಳಲು ಶುರು ಮಾಡಿದೆ: "ಕಾಕಾ, ಉಸಿರು ಸರಿ ಇದ್ರ ಇಲ್ಲೇ ಇರ್ತೀರಿ. ಆಕ್ಸಿಜನ್ 94ಕ್ಕಿಂತ ಇಳಿದ್ರ ಮಾತ್ರ ದವಾಖಾನಿ." ಈ ಮಾತು ಹರಡಿದ ಮೇಲೆ ಟೆಸ್ಟ್ ಮಾಡಿಸಿಕೊಳ್ಳಲು ಅವರೇ ಬಂದರು.

ಕಾಕಾನ ರ್‍ಯಾಪಿಡ್ ಟೆಸ್ಟ್ ಪಾಸಿಟಿವ್ ಬಂತು. ಐಸೋಲೇಷನ್‌ಗೆ ಅಂತ ಮೊದಲು ಎಲ್ಲರೂ ತೋರಿಸಿದ್ದು ಮುಂದಿನ ಕೋಣೆ, ಆಫೀಸಿನ ಪಕ್ಕದ್ದು. ನಾನು ಹಿಂದಿನ ಕೋಣೆ ಕೇಳಿದೆ. ಅದರ ಕಿಟಕಿಯಿಂದ ಬೇವಿನ ಮರದ ಕೆಳಗೆ ಕಟ್ಟಿದ ದನ ಕಾಣುತ್ತಿದ್ದವು. ಕಾಕಾ ಕಿಟಕಿಯ ಸರಳು ಹಿಡಿದು ನಿಂತು, ಅಣ್ಣನ ಮಗನಿಗೆ ಕೂಗಿ ಕೂಗಿ ಮೇವು ಹಾಕಿಸುತ್ತಿದ್ದರು. "ಅದಲ್ಲೋ, ಆ ಸೂಡ ಬಿಚ್ಚು!" ಕೆಮ್ಮು ಜಾಸ್ತಿ ಆಗುತ್ತೆ, ಸುಮ್ನಿರಿ ಅಂದರೂ ಕೇಳುವವರಲ್ಲ. ಆದರೆ ಬಾಗಿಲು ದಾಟಿ ಹೊರಗೆ ಬರಲಿಲ್ಲ. ನಮಗೆ ಬೇಕಿದ್ದದ್ದೂ ಅಷ್ಟೇ ಅಲ್ವಾ?

ಕೋಣೆ ಹಂಚುವಾಗ ಬಹಳ ಜನ ಗಮನಿಸದ ಒಂದು ವಿಷಯ ಇತ್ತು. ಪಾಸಿಟಿವ್ ಅಂತ ಖಾತ್ರಿ ಆದವರನ್ನು ಒಂದೇ ಕೋಣೆಯಲ್ಲಿ ಇಡಬಹುದಿತ್ತು. ಸಂಪರ್ಕಕ್ಕೆ ಬಂದವರನ್ನು, ಅಂದರೆ ಕ್ವಾರಂಟೈನ್‌ನವರನ್ನು, ಹಾಗೆ ಒಟ್ಟಿಗೆ ತುಂಬುವಂತಿರಲಿಲ್ಲ. ಅವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ನಾವೇ ಹಂಚಿದ ಹಾಗೆ. ರ್‍ಯಾಪಿಡ್ ಟೆಸ್ಟ್ ಫಲಿತಾಂಶಕ್ಕೆ ಕಾಲು ಗಂಟೆ ಸಾಕು, ಆದರೆ ನೆಗೆಟಿವ್ ಬಂದರೆ ನಂಬಿ ಕೂರುವಂತಿಲ್ಲ. ಲಕ್ಷಣ ಇದ್ದವರಿಗೆ ಆರ್‌ಟಿಪಿಸಿಆರ್ ಮಾಡಿಸಬೇಕಿತ್ತು. ಆ ವರದಿ ಬರುವವರೆಗೆ ಅವರನ್ನು ಪಾಸಿಟಿವ್ ಕೋಣೆಗೂ ಹಾಕುವಂತಿರಲಿಲ್ಲ, ಎಲ್ಲರ ಜೊತೆಗೂ ಬಿಡುವಂತಿರಲಿಲ್ಲ.

ಅಷ್ಟು ಕೋಣೆ ಎಲ್ಲಿಂದ ತರೋದು? ನಾವು ವರಾಂಡ ಬಳಸಿದೆವು. ಮಳೆ ಎರಚಲು ಹೊಡೆಯದ ಹಾಗೆ ಹೊರಗಡೆ ತಾಡಪತ್ರಿ ಇಳಿಬಿಟ್ಟು, ಮೇಲ್ಗಡೆ ಗಾಳಿಗೆ ಜಾಗ ಬಿಟ್ಟೆವು. ಒಂದು ಮನೆಯವರಿಗೆ ಒಂದು ಪಾಲು, ನಡುವೆ ಶಾಲೆಯ ಡೆಸ್ಕು ಅಡ್ಡ. ಮನೆಯವರನ್ನು ಒಡೆಯಲಿಲ್ಲ. ನೀರು ಬರುವವರೆಗೆ ಒಂದೇ ಸೂರಿನಡಿ ಇದ್ದವರನ್ನು ಕೇಂದ್ರದಲ್ಲಿ ಬೇರೆ ಬೇರೆ ಮಾಡಿ ಲಾಭ ಕಡಿಮೆ, ಗಲಾಟೆ ಜಾಸ್ತಿ. ಹಾಲುಣಿಸುವ ಒಬ್ಬ ತಾಯಿ ಪಾಸಿಟಿವ್ ಆದಾಗ ಕೂಸನ್ನು ಅವಳ ಹತ್ತಿರವೇ ಬಿಟ್ಟೆವು. ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಬಹುದು. ಅವರ ಅತ್ತೆಗೆ ಇದನ್ನು ಒಪ್ಪಿಸೋದೇ ದೊಡ್ಡ ಕೆಲಸ ಆಯ್ತು.

ಕೋಣೆಗಿಂತ ಹೆಚ್ಚು ತಲೆ ತಿಂದದ್ದು ಶೌಚಾಲಯ. ಮಲಗೋದು ಬೇರೆ ಮಾಡಿ, ಬೆಳಿಗ್ಗೆ ಎಲ್ಲರೂ ಒಂದೇ ಬಾಗಿಲ ಮುಂದೆ ಸಾಲು ನಿಂತರೆ ಏನು ಬಂತು? ತುದಿಯ ಒಂದನ್ನು ಪಾಸಿಟಿವ್ ಆದವರಿಗೆ ಬಿಟ್ಟು, ಬಕೆಟ್ಟು ಮಗ್ಗಿಗೆ ಕೆಂಪು ಬಣ್ಣ ಬಳಿದೆವು. ಬಾಗಿಲ ಮೇಲೆ ಕೊರೊನಾ ಅಂತ ಬರೆಯಲು ನಾನು ಬಿಡಲಿಲ್ಲ. ಬರೆದರೆ ಅದನ್ನು ಬಳಸುವವರ ಕಡೆ ಊರೇ ಬೆರಳು ತೋರಿಸುತ್ತೆ. ಕುಡಿಯುವ ನೀರಿಗೆ ಕ್ಲೋರಿನ್ ಗುಳಿಗೆ ಹಾಕುವುದನ್ನೂ ಬಿಡಲಿಲ್ಲ. ಹೊಳೆ ಬಂದಾಗ ವಾಂತಿಭೇದಿಯೂ ಬೇಗ ಹಬ್ಬುತ್ತದೆ. ಊಟದ ಚಿಂತೆ ಇರಲಿಲ್ಲ. ಬಿಸಿಯೂಟದ ಅಕ್ಕಂದಿರು ಅನ್ನ, ಸಾರು ಮಾಡಿ ಐಸೋಲೇಷನ್ ಬಾಗಿಲ ಬೆಂಚಿನ ಮೇಲಿಟ್ಟು ಕೂಗುತ್ತಿದ್ದರು.

ಆಕ್ಸಿಜನ್ ನೋಡುವಾಗ ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ಕೈ ತಣ್ಣಗಿದ್ದರೆ ಪಲ್ಸ್ ಆಕ್ಸಿಮೀಟರ್ ಸುಳ್ಳು ಅಂಕಿ ತೋರಿಸುತ್ತದೆ. ಕೈ ಒರೆಸಿ, ಚೆನ್ನಾಗಿ ತಿಕ್ಕಿ, ಮೆಹಂದಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಇನ್ನೊಂದು, 108ಕ್ಕೆ ಫೋನ್ ಮಾಡಿದರೆ ಸಾಕು ಅಂತ ಕೂರುವ ಹಾಗಿರಲಿಲ್ಲ. ಯಾವ ಸೇತುವೆ ಮುಳುಗಿದೆ, ಯಾವ ದಾರಿ ತೆರೆದಿದೆ ಅಂತ ಬೆಳಿಗ್ಗೆ ಸಂಜೆ ವಿಚಾರಿಸಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ.

ನಿಜವಾದ ಪರೀಕ್ಷೆ ನೀರು ಇಳಿದ ಮೇಲೆ. ಹೊಳೆ ಬೇಗ ಇಳಿಯಿತು, ಆದರೆ ಐಸೋಲೇಷನ್ನಿನ 10 ದಿನ ಮುಗಿದಿರಲಿಲ್ಲ. ಮನೆಗೆ ನೀರು ನುಗ್ಗಿದವರಿಗೆ 10,000 ರೂಪಾಯಿ ಪರಿಹಾರ, ಅದಕ್ಕೆ ಸರ್ವೆ. ಸರ್ವೆಗೆ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಹೆಸರು ಬಿಡ್ತಾರೆ ಅಂತ ಸುದ್ದಿ. ಇಡೀ ಕೋಣೆ ಎದ್ದು ನಿಂತಿತು. ಬುದ್ಧಿ ಹೇಳಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ. ಮುಖ್ಯ ಶಿಕ್ಷಕರೂ ನಾನೂ ತಲಾಠಿಯವರನ್ನು, ಅಂದರೆ ಗ್ರಾಮ ಲೆಕ್ಕಿಗರನ್ನು, ಕಿಟಕಿ ಹತ್ತಿರ ಕರೆದುಕೊಂಡು ಬಂದೆವು. ಅವರು ಹೊರಗೆ ನಿಂತೇ ಒಬ್ಬೊಬ್ಬರ ಹೆಸರು, ಮನೆ ನಂಬರು ಓದಿ ಹೇಳಿ ಬರೆದುಕೊಂಡರು. ಮನೆಯ ಫೋಟೊ ತೆಗೆಯುವಾಗ ಪಕ್ಕದ ಮನೆಯವರು ಸಾಕ್ಷಿ ನಿಂತರೆ ಸಾಕು ಅಂತ ಎಲ್ಲರ ಮುಂದೆ ಹೇಳಿದರು. ಆಮೇಲೆ ಜನ ಕೂತರು. ಕಾಕಾ ಮಾತ್ರ ಕೊಟ್ಟಿಗೆಯ ಗೋಡೆ ಬಿದ್ದದ್ದನ್ನೂ ಬರೆದುಕೊಂಡಿದ್ದಾರಾ ಅಂತ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು.