ಮಾತು ಬಿಟ್ಟು ಸೆಕ್ಟರ್ ಹಿಡಿದೆ: ಕಳೆದುಹೋದ ಪಾರ್ಟಿಷನ್ ಮರಳಿ ಬಂದ ಬಗೆ

ನೆರವು ಕೇಳುವವರಿಗೂ ಕೊಡುವವರಿಗೂ ಚೆನ್ನಾಗಿ ಬರುವ ಒಂದು ಭಾಷೆಯೇ ಇಲ್ಲದೆ, ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) ಕಳೆದುಹೋದ ಡಿಸ್ಕ್ ಮುಟ್ಟಿದರೆ ಉಳಿದದ್ದೂ ಹೋಗುತ್ತದೆ ಎಂದವರೇ ಹೆಚ್ಚು. ಆ ಡಿಸ್ಕಿನ ಮೂರನೆಯ ಪಾರ್ಟಿಷನ್ ಈಗ ಒಂದು ಕಡತವೂ ಕೆಡದೆ ತೆರೆದುಕೊಂಡಿದೆ. ಹಾಗಾಗಿ ತುಸು ಗತ್ತಿನಿಂದಲೇ ಬರೆಯುತ್ತಿದ್ದೇನೆ.

ಗೆಳೆಯರೊಬ್ಬರ 500 ಜಿಬಿ ಡಿಸ್ಕ್. ಬೇರೊಂದು ವ್ಯವಸ್ಥೆಯ ಇನ್‌ಸ್ಟಾಲರ್ ಅದರ ಮೇಲೆ ಹೊಸ ಜಿಪಿಟಿ (ಪಾರ್ಟಿಷನ್‌ಗಳು ಎಲ್ಲೆಲ್ಲಿವೆ ಎಂದು ಹೇಳುವ ಕೋಷ್ಟಕ) ಬರೆದಿತ್ತು. ತುದಿಯಲ್ಲಿದ್ದ ನಕಲು ಕೋಷ್ಟಕವನ್ನೂ ಬಿಟ್ಟಿರಲಿಲ್ಲ. ದತ್ತಾಂಶ ಮರಳಿ ತೆಗೆದುಕೊಡುವವರು ಕೇಳಿದ ಮೊತ್ತಕ್ಕೆ ಅಂಥ ಡಿಸ್ಕ್ ಆರೇಳು ಬರುತ್ತಿದ್ದವು. ಬರೀ ನೋಡುವುದಕ್ಕೆ ಮುಂಗಡ ಬೇರೆ. ನಾನು ಕೈಬಿಚ್ಚಿ ಖರ್ಚು ಮಾಡಿದ್ದು ಒಂದೇ ಕಡೆ: ತುಸು ದೊಡ್ಡದೇ ಆದ ಇನ್ನೊಂದು ಡಿಸ್ಕ್ ಕೊಂಡು ಡಿಸ್ಕನ್ನು ಇದ್ದಂತೆಯೇ ನಕಲಿಸುವ ಡಿಡಿರೆಸ್ಕ್ಯೂನಿಂದ ಪಡಿಯಚ್ಚು ತೆಗೆದೆ. ಅಲ್ಲಿ ಜುಗ್ಗತನ ತೋರಿಸುವವರ ಜೊತೆ ನನಗೆ ಮಾತಿಲ್ಲ.

ಮೊದಲು ಹಿಡಿದ ದಾರಿಗಳೆಲ್ಲ ದಂಡ. ಕನ್ನಡದ ಪರದೆಯ ಚಿತ್ರ ಕಳುಹಿಸಿದರೆ ಯಾರೂ ಉತ್ತರಿಸಲಿಲ್ಲ. ನಡೆದದ್ದನ್ನೆಲ್ಲ ಯಂತ್ರಾನುವಾದಕ್ಕೆ ಕೊಟ್ಟು ಉದ್ದಕ್ಕೆ ಬರೆದರೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರು ಮಾಡಿ ಎಂಬ ಉಪದೇಶ ಬಂತು. ಗಂಟೆ ಲೆಕ್ಕದಲ್ಲಿ ಹಣ ಪಡೆಯುವವರೊಬ್ಬರು ನನ್ನ ಪ್ರಶ್ನೆ ಏನೆಂದು ತಿಳಿಯುವುದರಲ್ಲೇ ಮೊದಲ ಗಂಟೆ ಮುಗಿಸಿದರು. ಅನುವಾದವಾಗಿ ಬಂದ ಕಮಾಂಡ್‌ಗಳ ಪಾಡಂತೂ ಕೇಳಬೇಡಿ. ಜೋಡಿ ಅಡ್ಡಗೆರೆ ಕೂಡಿಕೊಂಡು ಒಂದೇ ಉದ್ದ ಗೆರೆಯಾಗಿತ್ತು. ಒಂದೆಡೆ ಮೂರನೆಯ ಪಾರ್ಟಿಷನ್ನಿನ ಹೆಸರಾದ ‘ಎಸ್‌ಡಿಬಿ3’ರ 3 ದೂರ ಸರಿದು ನಿಂತು, ಇಡೀ ಡಿಸ್ಕೇ ಗುರಿಯಾಗಿತ್ತು! ಓಡಿಸುವ ಮುನ್ನ ಕಣ್ಣಿಗೆ ಬಿತ್ತು.

ಆಮೇಲೆ ಮಾತನ್ನೇ ಬಿಟ್ಟೆ. ಇಂಥದ್ದೇ ತೊಡಕು ಬಿಡಿಸಿದ್ದವರೊಬ್ಬರಿಗೆ ಬರೆದೆ. ಅವರದು ಪೋರ್ಚುಗೀಸ್, ಇಂಗ್ಲಿಷ್ ಅವರಿಗೂ ನನಗೂ ಅಷ್ಟಕ್ಕಷ್ಟೇ. ಪ್ರತಿ ಕಮಾಂಡಿನ ಮುಂದೆ ‘ಎಲ್‌ಸಿ_ಆಲ್=ಸಿ’ (ಉತ್ತರ ಅನುವಾದವಾಗದೆ ಮೂಲ ಇಂಗ್ಲಿಷಿನಲ್ಲೇ ಬರಲೆಂದು) ಹಾಕಿ, ಬಂದ ಪಠ್ಯವನ್ನು ಒಂದಕ್ಷರ ತಿದ್ದದೆ ಕಳುಹಿಸಿದೆ. ಡಿಮೆಸೇಜ್ ಕಮಾಂಡಿನಲ್ಲಿ ಕಾಣುವ ಕರ್ನಲ್ (ವ್ಯವಸ್ಥೆಯ ತಿರುಳು) ಸಂದೇಶಗಳಿಗೆ ಅದೂ ಬೇಡ, ಅವು ಯಾವ ಲೊಕೇಲ್‌ಗೂ, ಅಂದರೆ ಭಾಷಾ ಹೊಂದಿಕೆಗೂ, ಬಗ್ಗುವುದಿಲ್ಲ. ಅಳತೆಯೆಲ್ಲ ಸೆಕ್ಟರಿನಲ್ಲಿ, ಅಂದರೆ 512 ಬೈಟಿನ ತುಂಡುಗಳಲ್ಲಿ. 500 ಜಿಬಿಯನ್ನು ಒಂದು ಉಪಕರಣ 1024ರ ಲೆಕ್ಕದಲ್ಲಿ 465.8 ಎನ್ನುತ್ತದೆ, ಅವರ ಪರದೆಯಲ್ಲಿ ಬಿಂದುವಿನ ಜಾಗಕ್ಕೆ ಅಲ್ಪವಿರಾಮ ಬಂದು ಅದೇ 465,8 ಆಗುತ್ತದೆ. 976773168 ಸೆಕ್ಟರ್ ಎಂದರೆ ತಕರಾರಿಲ್ಲ. ಪ್ರಶ್ನೆಯನ್ನು ನಾಲ್ಕು ಸಾಲಿನಲ್ಲಿ ಕಟ್ಟುವ ನನ್ನದೇ ಒಂದು ನಮೂನೆಯೂ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲೆರಡು ಪಾರ್ಟಿಷನ್‌ಗಳನ್ನು ಟೆಸ್ಟ್‌ಡಿಸ್ಕ್ ಎಂಬ ಉಪಕರಣ ಹುಡುಕಿಕೊಟ್ಟಿತು. ಮೂರನೆಯದಕ್ಕೆ, ಹಟಕ್ಕೆ ಬಿದ್ದು, ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯ ಸೂಪರ್‌ಬ್ಲಾಕಿನ (ಅದರ ಗಾತ್ರ, ಬ್ಲಾಕ್ ಎಣಿಕೆ ಬರೆದಿಡುವ ತಲೆಪಟ್ಟಿ) ಗುರುತಾದ ‘53 ಇಎಫ್’ ಬೈಟುಗಳನ್ನು ಹುಡುಕುವ ಸ್ಕ್ರಿಪ್ಟ್ ನಾನೇ ಬರೆದೆ. ರಾತ್ರಿಯೆಲ್ಲ ಓಡಿ ರಾಶಿ ಜಾಗ ತೋರಿಸಿತು. ಜರಡಿ ಹಿಡಿದ ಮೇಲೆ ಪಾರ್ಟಿಷನ್ ಶುರುವಾಗಿರಬಹುದಾದ ಜಾಗಗಳು, ಅಂದರೆ ಎರಡು ಆರಂಭಗಳು ಉಳಿದವು. ಎರಡನ್ನೂ ಕಳುಹಿಸಿದೆ. ಮರುದಿನ ಬಂದ ಉತ್ತರದಲ್ಲಿ ಒಂದೇ ಸಂಖ್ಯೆ: 262142.

ಕಳೆದು ನೋಡಿದರೆ ಎರಡು ಆರಂಭಗಳ ನಡುವಿನ ಅಂತರ ಅಷ್ಟೇ. 4 ಕೆ ಬ್ಲಾಕಿನ ಎಕ್ಸ್ಟ್4ನಲ್ಲಿ ಸೂಪರ್‌ಬ್ಲಾಕಿನ ಮೊದಲ ನಕಲು 32768ನೆಯ ಬ್ಲಾಕಿನಲ್ಲಿರುತ್ತದೆ. ಒಂದು ಬ್ಲಾಕಿಗೆ ಎಂಟು ಸೆಕ್ಟರ್, ಹಾಗಾಗಿ ಎಂಟರಿಂದ ಗುಣಿಸಿದರೆ 262144 ಸೆಕ್ಟರ್. ಅಸಲು ಸೂಪರ್‌ಬ್ಲಾಕ್ ಪಾರ್ಟಿಷನ್ನಿನ ಆರಂಭದಿಂದ 1024 ಬೈಟ್, ಅಂದರೆ ಎರಡು ಸೆಕ್ಟರ್ ಒಳಗಿರುತ್ತದೆ. ನಕಲು ತನ್ನ ಬ್ಲಾಕಿನ ಮೊದಲಿಗೇ ಕೂರುತ್ತದೆ. ಆ ಎರಡು ಕಳೆದುಹೋಗಿ 262142. ಎಂದರೆ ಎರಡನೆಯ ಆರಂಭ ಸುಳ್ಳು, ನನ್ನ ಸ್ಕ್ರಿಪ್ಟಿಗೆ ಸಿಕ್ಕಿದ್ದು ನಕಲು. ಸೂಪರ್‌ಬ್ಲಾಕ್ ಓದಿ ತೋರಿಸುವ ಡಂಪ್‌ಇ2ಎಫ್‌ಎಸ್ ಹೇಳಿದ ಬ್ಲಾಕ್ ಎಣಿಕೆಯನ್ನೂ ಎಂಟರಿಂದ ಗುಣಿಸಿ ಮೊದಲ ಆರಂಭಕ್ಕೆ ಕೂಡಿಸಿದೆ. ಡಿಸ್ಕಿನ ತುದಿಯ ಹತ್ತಿರ, ಜಿಪಿಟಿಯ ನಕಲಿಗೆ ಜಾಗ ಬಿಟ್ಟು, ಸರಿಯಾಗಿ ನಿಂತಿತು.

ಅವರು ಕಳುಹಿಸಿದ ಎಸ್‌ಎಫ್‌ಡಿಸ್ಕ್ (ಪಾರ್ಟಿಷನ್ ಕೋಷ್ಟಕ ಬರೆಯುವ ಉಪಕರಣ) ಪಟ್ಟಿಯನ್ನು ಕಣ್ಣುಮುಚ್ಚಿ ಓಡಿಸಲಿಲ್ಲ. ಅಷ್ಟೇ ಸೆಕ್ಟರ್‌ಗಳ ಖಾಲಿ ಸ್ಪಾರ್ಸ್ ಕಡತ (ಬರೆದಷ್ಟೇ ಜಾಗ ಹಿಡಿಯುವಂಥದ್ದು) ಮಾಡಿ, ಡಿಸ್ಕಿನಂತೆ ಕಾಣುವ ಲೂಪ್ ಸಾಧನವಾಗಿ ಜೋಡಿಸಿ, ಅದರ ಮೇಲೆ ಮೊದಲು ಬರೆದು ನೋಡಿದೆ. ಜಾಗ ತಿನ್ನುವುದು ಲೆಕ್ಕಕ್ಕಿಲ್ಲದಷ್ಟು. ಅಲ್ಲಿ ಗೆದ್ದ ಮೇಲೆ ಪಡಿಯಚ್ಚಿನ ಮೇಲೆ. ಮೌಂಟ್ ಮಾಡುವಾಗ (ತೆರೆಯುವಾಗ) ಬರೀ ‘ಆರ್‌ಒ’ (ಓದಲು ಮಾತ್ರ) ಸಾಲದು, ಜರ್ನಲ್ (ಅರ್ಧಕ್ಕೆ ನಿಂತ ಬರಹಗಳ ದಾಖಲೆ) ಆಗಲೂ ಓಡಿ ಡಿಸ್ಕಿಗೆ ಬರೆಯಬಹುದು. ಅದನ್ನು ತಡೆಯುವ ‘ನೋಲೋಡ್’ ಕೂಡ ಸೇರಿಸಿ.

ಈಗ ಎಲ್‌ವಿಎಂ (ಡಿಸ್ಕುಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ಏರ್ಪಾಟು) ಮೇಲೆ ಇದೇ ಪ್ರಯೋಗ ನಡೆದಿದೆ. ಅದರ ಮೆಟಾಡೇಟಾ (ಹಂಚಿಕೆಯ ವಿವರ) ಡಿಸ್ಕಿನಲ್ಲಿ ಸಾದಾ ಪಠ್ಯವಾಗಿಯೇ ಇರುವುದರಿಂದ ಕೆಲಸ ಇನ್ನೂ ಸಲೀಸು. ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ರೇಡ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.