ಆನೆ ಹಾವಳಿ ಸಮೀಕ್ಷೆ: ಉತ್ತರ ಕೊಟ್ಟವರ ಗುರುತು ಕಾಯುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿನ ಕಾಡಾನೆ ಹಾವಳಿ ಬಗ್ಗೆ ಗೂಗಲ್ ಫಾರಂ ಮಾಡುವಾಗ ಪ್ರಶ್ನೆ ಬರೆಯುವ ಮುಂಚೆಯೇ ಸೆಟ್ಟಿಂಗ್ಸ್ ತೆರೆಯುತ್ತೇನೆ. ರೆಸ್ಪಾನ್ಸಸ್ ಭಾಗದಲ್ಲಿ ಇಮೇಲ್ ಸಂಗ್ರಹಕ್ಕೆ 'ಡು ನಾಟ್ ಕಲೆಕ್ಟ್' ಆರಿಸುತ್ತೇನೆ. 'ಲಿಮಿಟ್ ಟು 1 ರೆಸ್ಪಾನ್ಸ್' ಕೂಡ ಆಫ್. ಅದು ಆನ್ ಇದ್ದರೆ ಸೈನ್ ಇನ್ ಆಗಲೇಬೇಕು. ಇಮೇಲ್ ನಮಗೆ ಬರುವುದಿಲ್ಲ ಎಂದರೂ ತುಂಬುವವರಿಗೆ ನಂಬಿಕೆ ಹುಟ್ಟುವುದಿಲ್ಲ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಗಂಡ ಹೆಂಡತಿಗೆ ಒಂದೇ ಮೊಬೈಲ್ ಇದ್ದರಂತೂ ಎರಡನೆಯವರ ಉತ್ತರ ತಪ್ಪಿಯೇ ಹೋಗುತ್ತದೆ. ಫೈಲ್ ಅಪ್‌ಲೋಡ್ ಪ್ರಶ್ನೆ ಬೇಡವೇ ಬೇಡ. ಅದಕ್ಕೂ ಸೈನ್ ಇನ್ ಬೇಕು, ಜೊತೆಗೆ ನಮ್ಮ ಡ್ರೈವ್‌ಗೆ ಬರುವ ಫೋಟೊದ ಹೆಸರಿಗೆ ಕಳಿಸಿದವರ ಹೆಸರೂ ಅಂಟಿಕೊಂಡಿರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಪ್ರೆಸೆಂಟೇಷನ್ ಭಾಗದ 'ವ್ಯೂ ರಿಸಲ್ಟ್ಸ್ ಸಮ್ಮರಿ'. ಅದು ಆನ್ ಆಗಿದ್ದರೆ ಫಾರಂ ತುಂಬಿದ ಪ್ರತಿಯೊಬ್ಬರಿಗೂ ಉಳಿದವರು ಬರೆದ ಉತ್ತರಗಳು ಕಾಣುತ್ತವೆ. ಲಿಂಕ್ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಇದೊಂದನ್ನು ಎರಡು ಸಲ ನೋಡುತ್ತೇನೆ.

ಇಷ್ಟು ಮಾಡಿದರೂ ಹೆಸರಿಲ್ಲದೆಯೇ ಆಳು ಪತ್ತೆಯಾಗಬಹುದು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಊರು ಮಾಲ್ದಾರೆ, ತೋಟ 43 ಎಕರೆ, ಕಾಫಿ ರೊಬಸ್ಟಾ, ವಯಸ್ಸು 67 ಎಂದು ಒಂದೇ ಸಾಲಿನಲ್ಲಿದ್ದರೆ ಊರಿನವರಿಗೆ ಮನೆ ಯಾವುದೆಂದು ತಿಳಿಯುತ್ತದೆ. ಅದಕ್ಕೇ ಊರಿನ ಬದಲು ತಾಲ್ಲೂಕು ಮಾತ್ರ ಕೇಳುತ್ತೇನೆ. ಎಕರೆಗೆ '5ಕ್ಕಿಂತ ಕಡಿಮೆ', '5ರಿಂದ 25', '25ಕ್ಕಿಂತ ಹೆಚ್ಚು' ಸಾಕು, ವಯಸ್ಸಿಗೂ ಹಾಗೆಯೇ. 'ಬೇರೇನಾದರೂ ಹೇಳುವುದಿದೆಯೇ' ಎಂಬಲ್ಲಿ ಜನ ತಮ್ಮ ಮನೆತನದ ಹೆಸರನ್ನೇ ಬರೆದುಬಿಡುತ್ತಾರೆ. ಬರೆಯಬೇಡಿ ಎಂದು ಪ್ರಶ್ನೆಯ ಕೆಳಗೇ ಸೂಚಿಸುತ್ತೇನೆ, ಆಮೇಲೆ ಒಂದೊಂದನ್ನೂ ಓದಿ ಅಳಿಸುತ್ತೇನೆ.

ಉತ್ತರಗಳು ಬಂದು ಸೇರುವ ಮೂಲ ಗೂಗಲ್ ಶೀಟ್ ಯಾರಿಗೂ ಕೊಡುವುದಿಲ್ಲ. ಎಡಿಟರ್ ಆದವರಿಗೆ ವರ್ಷನ್ ಹಿಸ್ಟರಿಯಲ್ಲಿ ಅಳಿಸಿದ್ದೂ ಸಿಗುತ್ತದೆ. ಪ್ರತಿ ಮಾಡಿ, ಅದರಲ್ಲಿ ಟೈಮ್‌ಸ್ಟ್ಯಾಂಪ್ ಕಾಲಂ ತೆಗೆದು ಹಂಚುತ್ತೇನೆ. ಲಿಂಕ್ ಹಾಕಿದ ಕೂಡಲೇ 'ನಾನು ತುಂಬಿದೆ' ಎಂದು ಗ್ರೂಪಿನಲ್ಲಿ ಹೇಳಿದವರನ್ನು ಆ ಸಮಯವೇ ತೋರಿಸಿಕೊಡುತ್ತದೆ. ಕಾಲಂ ಹೈಡ್ ಮಾಡಿದರೆ ಸಾಲದು, ನೋಡಲು ಮಾತ್ರ ಅನುಮತಿ ಇದ್ದವರೂ ತಮ್ಮದೊಂದು ಪ್ರತಿ ಮಾಡಿಕೊಂಡು ಅದನ್ನು ತೆರೆಯಬಲ್ಲರು. ವರದಿಯ ಪಟ್ಟಿಯಲ್ಲಿ ಯಾವುದೇ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನ ಇದ್ದರೆ ಪಕ್ಕದ ಗುಂಪಿಗೆ ಸೇರಿಸುತ್ತೇನೆ.

ಕೆಲಸ ಮುಗಿದ ಮೇಲೆ ಎರಡೂ ಕಡೆ ಅಳಿಸಬೇಕು. ಫಾರಂನಲ್ಲಿ ಅಳಿಸಿದರೆ ಶೀಟಿನ ಸಾಲು ಉಳಿಯುತ್ತದೆ, ಶೀಟಿನಲ್ಲಿ ಅಳಿಸಿದರೆ ಫಾರಂನಲ್ಲಿ ಉಳಿಯುತ್ತದೆ. ಡ್ರೈವ್‌ನ ಟ್ರ್ಯಾಷ್‌ಗೆ ಹೋದದ್ದು 30 ದಿನ ಅಲ್ಲೇ ಇರುತ್ತದೆ. ಅದನ್ನೂ ಅದೇ ದಿನ ಖಾಲಿ ಮಾಡುತ್ತೇನೆ.